ಅಂಚೆಚೀಟಿಯ ಮೇಲೆ ಮುಪ್ಪಾಗದ ರಾಣಿ

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಒಂದು ದೊಡ್ಡ ಕಾಗದವಿದೆ. ಎತ್ತರ ಎರಡೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಲವು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಅದರ ಮೇಲೆ ಶಾಯಿ, ನೀರುಬಣ್ಣಗಳಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಆಳೆತ್ತರಕ್ಕೆ ನಿಂತಿದ್ದಾನೆ. ಕಾಲು ಅಗಲಿಸಿದ್ದಾನೆ. ಭುಜಗಳು ಚೌಕಟ್ಟನ್ನೇ ತಳ್ಳುವಷ್ಟು ಹರಡಿಕೊಂಡಿವೆ. ತಲೆಯ ಮೇಲೆ ಕಿರೀಟ ಇಲ್ಲ, ಕೈಯಲ್ಲಿ ರಾಜದಂಡ ಇಲ್ಲ. ಬೇಕಾಗಿಯೂ ಇಲ್ಲ ಬಿಡಿ, ಆ ನಿಲುವೇ ಸಾಕು. ಬೆನ್ನ ಹಿಂದೆ ಅಪ್ಪ ಏಳನೇ ಹೆನ್ರಿ ನಿಂತಿದ್ದಾನೆ. ಮಗನ ಮುಂದೆ ಪಾಪ, ತೀರಾ ಸಣಕಲಾಗಿ ಕಾಣುತ್ತಾನೆ.

ರೇಡಿಯೋದಲ್ಲಿ ಚಿತ್ರ ತೋರಿಸೋಕೆ ಆಗಲ್ಲ. ಆದರೆ ಈ ಕಾಗದದ ಒಂದು ಗುಟ್ಟನ್ನು ಹೇಳಬಹುದು. ಹತ್ತಿರದಿಂದ ನೋಡಿದರೆ ಗೆರೆಗಳ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿವೆ. ಸೂಜಿಯಿಂದ ಚುಚ್ಚಿದ್ದು. ನಮ್ಮಲ್ಲಿ ತೂತು ಕೊರೆದ ತಗಡಿನ ಮೇಲೆ ರಂಗೋಲಿ ಪುಡಿ ಸವರಿದರೆ ನೆಲದ ಮೇಲೆ ಚುಕ್ಕಿಗಳು ಬೀಳುತ್ತವಲ್ಲ, ಇದೂ ಹಾಗೇ. ಚುಚ್ಚಿದ ಕಾಗದವನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿ ತಟ್ಟಿದರೆ ಗೋಡೆಯ ಮೇಲೆ ರಾಜನ ಅಂಚು ಮೂಡುತ್ತದೆ. ಆಮೇಲೆ ಬಣ್ಣ. ಹೀಗೆ 1537ರಲ್ಲಿ ವೈಟ್‌ಹಾಲ್ ಅರಮನೆಯ ಗೋಡೆಗೆ ಏರಿದ ಚಿತ್ರ ಅದು. ಬರೆದವನು ಹಾನ್ಸ್ ಹೋಲ್ಬೈನ್. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಬಂದವನು.

ಆಗ ಹೆನ್ರಿಗೆ 46 ವರ್ಷ. ಹಿಂದಿನ ವರ್ಷವಷ್ಟೇ ಕುದುರೆ ಕಾಳಗದ ಪಂದ್ಯದಲ್ಲಿ ಬಿದ್ದು ದೊಡ್ಡ ಪೆಟ್ಟಾಗಿತ್ತು. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಮೈ ಬೆಳೆಯುತ್ತಲೇ ಇತ್ತು. ಚಿತ್ರದಲ್ಲಿ ಮಾತ್ರ ಆ ಕಾಲುಗಳು ಕಂಬದ ಹಾಗೆ ಗಟ್ಟಿ. ಇನ್ನೊಂದು ವಿಷಯ. ಕಾಗದದಲ್ಲಿ ರಾಜನ ಮುಖ ಸ್ವಲ್ಪ ಓರೆಯಾಗಿದೆ. ಗೋಡೆಗೆ ಹೋಗುವಷ್ಟರಲ್ಲಿ ಅದು ನೇರವಾಯಿತು. ಕೋಣೆಗೆ ಬಂದವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮುಖ. ಅದನ್ನು ಕಂಡವರು ಕುಗ್ಗಿ ಹೋಗುತ್ತಿದ್ದರು ಎಂದು ಮುಂದೆ ಒಬ್ಬ ಲೇಖಕ ಬರೆದಿಟ್ಟಿದ್ದಾನೆ. ರಾಜನಿಗೆ ಬೇಕಾದದ್ದೂ ಅದೇ ಇರಬೇಕು.

1698ರಲ್ಲಿ ವೈಟ್‌ಹಾಲ್‌ಗೆ ಬೆಂಕಿ ಬಿತ್ತು. ಗೋಡೆ ಹೋಯಿತು, ಚಿತ್ರವೂ ಹೋಯಿತು. ಆದರೆ ಅಷ್ಟು ಹೊತ್ತಿಗೆ ಅದರ ನಕಲುಗಳು ಊರೂರು ಸೇರಿದ್ದವು. ರಾಜನಿಗೆ ನಿಷ್ಠೆ ತೋರಿಸಬೇಕಾದ ದೊಡ್ಡ ಮನೆಗಳ ಗೋಡೆಯ ಮೇಲೆಲ್ಲ ಅದೇ ಹೆನ್ರಿ. ಇವತ್ತಿಗೂ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ಆ ನಕಲುಗಳ ಹೆನ್ರಿಯೇ. ಹೋಲ್ಬೈನ್‌ನ ಸ್ವಂತ ಕೈಯಿಂದ ಬಂದದ್ದು ಎಂದು ಎಲ್ಲರೂ ಒಪ್ಪುವ ಹೆನ್ರಿಯ ವರ್ಣಚಿತ್ರ ಒಂದೇ ಒಂದು ಉಳಿದಿದೆ. ಅದು ಮ್ಯಾಡ್ರಿಡ್‌ನಲ್ಲಿದೆ, ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೆ.

ಬ್ರಿಟಿಷ್ ರಾಜರಾಣಿಯರ ಚಿತ್ರಗಳನ್ನು ಸಾಲಾಗಿ ನೋಡುತ್ತಾ ಹೋದರೆ ನನಗೆ ಎದ್ದು ಕಾಣುವುದು ಈ ನಕಲಿನ ವ್ಯವಹಾರವೇ. ರಾಜ ಚಿತ್ರಕಾರನ ಮುಂದೆ ಕೂರುವುದು ಅಪರೂಪ. ಒಂದು ಸಲ ಮುಖದ ಮಾದರಿ ಸಿಕ್ಕರೆ ಸಾಕು, ವರ್ಷಗಟ್ಟಲೆ ಅದರಿಂದಲೇ ನಕಲು ತೆಗೆಯುತ್ತಿದ್ದರು. ಬಟ್ಟೆ ಬದಲಾಗುತ್ತದೆ, ಒಡವೆ ಬದಲಾಗುತ್ತದೆ, ಮುಖ ಅದೇ. ಮನುಷ್ಯ ಮುದುಕನಾದರೂ ಮಾದರಿಗೆ ವಯಸ್ಸಾಗುವುದಿಲ್ಲ.

ಮಾದರಿ ಬೇರೆಯವರ ಕೈ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಮೂರನೇ ರಿಚರ್ಡ್ ಇದ್ದಾನೆ. 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಸತ್ತವನು. ಗೆದ್ದವರು ಟ್ಯೂಡರ್‌ಗಳು, ಅಂದರೆ ನಮ್ಮ ಹೆನ್ರಿಯ ಅಪ್ಪ. ಅರಮನೆಯ ಸಂಗ್ರಹದಲ್ಲಿರುವ ರಿಚರ್ಡನ ಹಳೆಯ ಚಿತ್ರವೊಂದನ್ನು ಎಕ್ಸ್‌ರೇ ಮಾಡಿ ನೋಡಿದಾಗ, ಬಲಭುಜವನ್ನು ಆಮೇಲೆ ಯಾರೋ ಎತ್ತರಿಸಿ ಬರೆದದ್ದು ಗೊತ್ತಾಯಿತು. ಅವನನ್ನು ಗೂನನನ್ನಾಗಿ ತೋರಿಸುವ ಆಸೆ. ಎಲ್ಲ ಸುಳ್ಳು ಎಂದು ರಿಚರ್ಡನ ಅಭಿಮಾನಿಗಳು ಬಹಳ ಕಾಲ ವಾದಿಸಿದರು. 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಅಡಿಯಲ್ಲಿ ಅವನ ಎಲುಬುಗಳು ಸಿಕ್ಕವು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು! ಗೂನು ಬೆನ್ನೇನಲ್ಲ, ಆದರೆ ಬಲಭುಜ ಸ್ವಲ್ಪ ಮೇಲಿದ್ದಿರಲೇಬೇಕು. ಹಗೆತನದಿಂದ ತಿದ್ದಿದವನು ಅರ್ಧ ನಿಜವನ್ನೇ ಬರೆದಿದ್ದ.

ಮತ್ತೆ ಹೋಲ್ಬೈನ್ ಹತ್ತಿರ ಬರೋಣ, ಯಾಕೆಂದರೆ ಅವನ ಇನ್ನೊಂದು ಚಿತ್ರದಿಂದ ದೊಡ್ಡ ರಾದ್ಧಾಂತವೇ ಆಯಿತು. 1539ರಲ್ಲಿ ಹೆನ್ರಿಗೆ ನಾಲ್ಕನೇ ಹೆಂಡತಿ ಬೇಕಾಗಿತ್ತು. ಜರ್ಮನಿಯ ಕ್ಲೀವ್ಸ್ ಸಂಸ್ಥಾನದ ರಾಜಕುಮಾರಿ ಆನ್‌ಳನ್ನು ಮಂತ್ರಿ ಥಾಮಸ್ ಕ್ರಾಮ್‌ವೆಲ್ ಗೊತ್ತು ಮಾಡಿದ. ಹೆಣ್ಣು ನೋಡುವ ಕೆಲಸ ಚಿತ್ರಕಾರನ ಪಾಲಿಗೆ ಬಂತು. ಹೋಲ್ಬೈನ್ ಅಲ್ಲಿಗೆ ಹೋಗಿ ಚರ್ಮದ ಹಾಳೆಯ ಮೇಲೆ ಅವಳ ಚಿತ್ರ ಬರೆದ. ಈಗ ಅದು ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಕೆಂಪು ಮಖಮಲ್ಲಿನ ಉಡುಪು, ಚಿನ್ನದ ಪಟ್ಟಿಗಳು, ಮುಂದೆ ಜೋಡಿಸಿಟ್ಟ ಕೈಗಳು. ಮುಖ ನೇರ, ಶಾಂತ. ಬಟ್ಟೆಯ ಒಂದೊಂದು ಹೆಣಿಗೆಯನ್ನೂ ಬರೆದವನು ಮುಖದ ಬಗ್ಗೆ ಮಾತ್ರ ಹೆಚ್ಚೇನೂ ಹೇಳಿಲ್ಲ ಅನ್ನಿಸುತ್ತದೆ ನನಗೆ. ಆದರೆ ಅಲ್ಲಿದ್ದ ಇಂಗ್ಲೆಂಡಿನ ರಾಯಭಾರಿ, ಚಿತ್ರ ಹುಡುಗಿಯ ಹಾಗೇ ಇದೆ ಎಂದು ಬರೆದು ಕಳಿಸಿದ್ದ.

1540ರ ಹೊಸ ವರ್ಷದ ದಿನ ಆನ್ ರೋಚೆಸ್ಟರ್‌ನಲ್ಲಿ ತಂಗಿದ್ದಳು. ಹೆನ್ರಿ ವೇಷ ಮರೆಸಿಕೊಂಡು ಹೋದ. ಪ್ರೇಮಿ ಹೀಗೆ ಬಂದರೂ ಹುಡುಗಿ ಗುರುತು ಹಿಡಿಯಬೇಕು ಅನ್ನುವುದು ಆ ಕಾಲದ ಅರಮನೆಯ ಆಟ. ಅವಳಿಗೆ ಆ ಆಟ ಗೊತ್ತಿರಲಿಲ್ಲ. ಕಿಟಕಿಯಿಂದ ಹೊರಗೆ ನಡೆಯುತ್ತಿದ್ದ ಗೂಳಿ ಕಾದಾಟ ನೋಡುತ್ತಿದ್ದವಳು, ಯಾರೋ ದಡೂತಿ ಗಂಡಸು ಬಂದು ತಬ್ಬಿಕೊಂಡರೆ ಏನು ಮಾಡಬೇಕು? ಮುಖ ತಿರುಗಿಸಿ ಮತ್ತೆ ಕಿಟಕಿಯ ಕಡೆ ನೋಡಿದಳು. ರಾಜನಿಗೆ ಅವಮಾನವಾಯಿತು. ಇವಳು ನನಗೆ ಹಿಡಿಸಲಿಲ್ಲ ಎಂದ. ಜನವರಿಯಲ್ಲಿ ಮದುವೆಯಾಯಿತು, ಜುಲೈನಲ್ಲಿ ರದ್ದಾಯಿತು. ಕ್ರಾಮ್‌ವೆಲ್‌ನ ತಲೆ ಉರುಳಿತು. ಅದಕ್ಕೆ ಬೇರೆ ರಾಜಕೀಯ ಕಾರಣಗಳೂ ಇದ್ದವು ಅನ್ನಿ. ಹೋಲ್ಬೈನ್‌ನ ತಲೆ ಮಾತ್ರ ಉಳಿಯಿತು. ಎಲ್ಲರಿಗಿಂತ ಚೆನ್ನಾಗಿ ಬದುಕಿದವಳು ಆನ್. ತಕರಾರು ಮಾಡದೆ ರದ್ದತಿಗೆ ಒಪ್ಪಿದಳು, ಅರಮನೆ, ಜಮೀನು ಪಡೆದಳು, ರಾಜನ ತಂಗಿ ಅನ್ನಿಸಿಕೊಂಡು ಹಾಯಾಗಿದ್ದಳು. ಹೆನ್ರಿ ಮತ್ತು ಅವನ ಉಳಿದ ಐವರು ಹೆಂಡತಿಯರು ಎಲ್ಲರೂ ಹೋದ ಮೇಲೂ ಅವಳಿದ್ದಳು.

ಹೆನ್ರಿಯ ಮಗಳು ಮೊದಲನೇ ಎಲಿಜಬೆತ್. ಈಕೆ ಅಪ್ಪನಿಗಿಂತ ಜಾಣೆ. 1562ರಲ್ಲಿ ಅವಳಿಗೆ ಸಿಡುಬು ಬಂದು ಸಾಯುವ ಹಾಗಾಗಿತ್ತು. ಮಾರನೆಯ ವರ್ಷವೇ ಒಂದು ರಾಜಾಜ್ಞೆಯ ಕರಡು ತಯಾರಾಯಿತು. ಒಬ್ಬ ನುರಿತ ಚಿತ್ರಕಾರ ರಾಣಿಯ ಸರಿಯಾದ ಮುಖ ಬರೆದುಕೊಡುವವರೆಗೆ ಬೇರೆ ಯಾರೂ ಬರೆಯಕೂಡದು, ಆಮೇಲೆ ಎಲ್ಲರೂ ಅದನ್ನೇ ನಕಲು ಮಾಡಬೇಕು ಎಂದು. ನಿಕೊಲಸ್ ಹಿಲಿಯರ್ಡ್ ಎಂಬ ಕಿರುಚಿತ್ರಗಾರ ತನ್ನ ಅನುಭವ ಬರೆದಿಟ್ಟಿದ್ದಾನೆ. ರಾಣಿ ಕೂತದ್ದು ತೋಟದ ಬಯಲು ಹಾದಿಯಲ್ಲಿ, ಮರದ ನೆರಳೂ ಬೀಳದ ಕಡೆ. ನೆರಳಿಲ್ಲ ಅಂದರೆ ಸುಕ್ಕೂ ಇಲ್ಲ, ಅಲ್ವಾ?

1597ರಲ್ಲಿ ಅವಳನ್ನು ಕಂಡ ಫ್ರಾನ್ಸಿನ ರಾಯಭಾರಿ ಬರೆದದ್ದು ಬೇರೆಯೇ. ಉದ್ದನೆಯ ಒಣಗಿದ ಮುಖ, ಹಳದಿ ಹಲ್ಲು, ಅದರಲ್ಲೂ ಎಷ್ಟೋ ಬಿದ್ದುಹೋಗಿ ಬೇಗ ಮಾತಾಡಿದರೆ ಅರ್ಥವಾಗುವುದು ಕಷ್ಟ. ಹ್ಯಾಟ್‌ಫೀಲ್ಡ್ ಹೌಸ್‌ನಲ್ಲಿ ಕಾಮನಬಿಲ್ಲು ಹಿಡಿದಿರುವ ಅವಳ ಚಿತ್ರವಿದೆ. ಅದು 1600ರ ಸುಮಾರಿನದು. ಆಗ ಅವಳಿಗೆ 65 ದಾಟಿತ್ತು, ಚಿತ್ರದಲ್ಲಿ ಇಪ್ಪತ್ತರ ಹುಡುಗಿ. ಮೇಲಂಗಿಯ ತುಂಬ ಕಣ್ಣು, ಕಿವಿಗಳನ್ನು ಬರೆದಿದ್ದಾರೆ. ರಾಣಿಗೆ ಎಲ್ಲವೂ ಕಾಣಿಸುತ್ತದೆ, ಕೇಳಿಸುತ್ತದೆ ಎಂದು. ಐಸಾಕ್ ಆಲಿವರ್ ಎಂಬ ಕಲಾವಿದ ಮಾತ್ರ ಕಂಡ ಹಾಗೆ ಬರೆಯಲು ಹೊರಟಿದ್ದ. ಬಾಡಿದ ಕೆನ್ನೆ, ದಣಿದ ಕಣ್ಣು. ಆ ಕಿರುಚಿತ್ರ ಅರ್ಧಕ್ಕೇ ನಿಂತಿದೆ. 1596ರಲ್ಲಿ ರಾಣಿಯ ಅಂದಗೆಟ್ಟ ಚಿತ್ರಗಳನ್ನೆಲ್ಲ ನಾಶ ಮಾಡಿ ಎಂಬ ಅಪ್ಪಣೆಯೂ ಹೊರಟಿತು.

ಕಾಲ ಮಾತ್ರ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಎಲಿಜಬೆತ್‌ಳ ಮುಖದ ಮುಖ್ಯ ಮಾದರಿಯಾದದ್ದು 1575ರ ಸುಮಾರಿನ ಒಂದು ಚಿತ್ರ, ಡಾರ್ನ್‌ಲಿ ಪೋರ್ಟ್ರೇಟ್ ಎಂದು ಕರೆಯುತ್ತಾರೆ. ಅದರಲ್ಲಿ ಅವಳು ಸುಣ್ಣ ಬಳಿದಷ್ಟು ಬಿಳಿ. ರಾಣಿ ಇದ್ದದ್ದೇ ಹೀಗೆ ಎಂದು ಜನ ನಂಬಿಬಿಟ್ಟರು. ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಕೆನ್ನೆಗೆ ಹಾಕಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿದೆ. ಮೊದಲು ಬರೆದಾಗ ಅವಳ ಮುಖ ಸಾಕಷ್ಟು ರಂಗಾಗಿಯೇ ಇತ್ತು.

ಮೊದಲನೇ ಚಾರ್ಲ್ಸ್ ಬಗ್ಗೆ ಎರಡು ಮಾತು. ಕುಳ್ಳ ಮನುಷ್ಯ. ಚಿತ್ರಕಾರ ವ್ಯಾನ್ ಡೈಕ್ ಅವನನ್ನು ಕುದುರೆ ಹತ್ತಿಸಿ, ಕೆಳಗಿನಿಂದ ನೋಡಿದ ಹಾಗೆ ಬರೆದು ಎತ್ತರ ಮಾಡಿದ. ಒಂದೇ ಚಿತ್ರದಲ್ಲಿ ಎದುರಿನಿಂದ, ಪಕ್ಕದಿಂದ, ಓರೆಯಿಂದ ಮೂರು ತಲೆಗಳನ್ನೂ ಬರೆದ. ಅದು ರೋಮ್‌ನ ಶಿಲ್ಪಿ ಬರ್ನಿನಿಗಾಗಿ. ಅವನು ರಾಜನನ್ನು ನೋಡದೆಯೇ ಅಮೃತಶಿಲೆಯಲ್ಲಿ ಕೆತ್ತಿ ಕಳಿಸಿದ. ಆ ಶಿಲ್ಪವೂ 1698ರ ಅದೇ ಬೆಂಕಿಗೆ ಹೋಯಿತು. ರಾಜನ ತಲೆ ಅದಕ್ಕೂ ಮೊದಲೇ, 1649ರಲ್ಲಿ ಸಂಸತ್ತಿನ ಕಡೆಯವರ ಕೈಯಲ್ಲಿ ಹೋಗಿತ್ತು, ರಾಜರ ಆಳ್ವಿಕೆಯೂ ನಿಂತಿತ್ತು. ಕುದುರೆ ಮೇಲಿನ ಅವನ ಕಂಚಿನ ಪ್ರತಿಮೆಯನ್ನು ಒಡೆದುಹಾಕಲು ಒಬ್ಬ ಲೋಹದ ಕೆಲಸದವನಿಗೆ ಮಾರಿದ್ದರು. ಅವನು ಅದನ್ನು ಸುಮ್ನೆ ಹೂತಿಟ್ಟ. ಪ್ರತಿಮೆಯ ಕಂಚಿನದೇ ಎಂದು ಹೇಳಿ ಚಾಕು ಹಿಡಿಗಳನ್ನು ಮಾರಿದ ಎಂದೂ ಹೇಳುತ್ತಾರೆ. ರಾಜವಂಶ ಮರಳಿದ ಮೇಲೆ ಪ್ರತಿಮೆ ಹೊರಬಂತು. ಈಗ ಚೇರಿಂಗ್ ಕ್ರಾಸ್‌ನಲ್ಲಿ ನಿಂತಿದೆ.

ವರ್ಣಚಿತ್ರ ನೋಡುವವರು ಎಷ್ಟು ಜನ? ಸಾಮಾನ್ಯರ ಕೈಗೆ ಬರುವ ರಾಜಮುಖ ನಾಣ್ಯದ್ದು, ಆಮೇಲೆ ಅಂಚೆಚೀಟಿಯದ್ದು. ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬಂದದ್ದು 1840ರಲ್ಲಿ. ಅದರ ಮೇಲಿರುವ ವಿಕ್ಟೋರಿಯಾಗೆ 15 ವರ್ಷ. ವಿಲಿಯಂ ವಯನ್ ಎಂಬ ಪದಕಗಾರ 1834ರಲ್ಲಿ, ಆಕೆ ಇನ್ನೂ ರಾಜಕುಮಾರಿಯಾಗಿದ್ದಾಗ ತೆಗೆದುಕೊಂಡ ಮುಖ ಅದು. ಮುಂದೆ ಮದುವೆಯಾಯಿತು, ಒಂಬತ್ತು ಮಕ್ಕಳಾದರು, ಗಂಡ ಸತ್ತ, ನಲವತ್ತು ವರ್ಷ ಕಪ್ಪುಬಟ್ಟೆ ಉಟ್ಟಳು. 1901ರಲ್ಲಿ 81ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಬ್ರಿಟನ್ನಿನ ಲಕೋಟೆಗಳ ಮೇಲೆ ಹದಿಹರೆಯದ ಹುಡುಗಿಯಾಗಿಯೇ ಉಳಿದಳು.

ಅಲ್ಲಿನ ನಾಣ್ಯದಲ್ಲಿ ಮುಪ್ಪು ಬಂತು. 1887ರಲ್ಲಿ ಬಂದ ಹೊಸ ಮುಖದ ಮೇಲೆ ಕಿರೀಟ ಎಷ್ಟು ಚಿಕ್ಕದೆಂದರೆ ಈಗ ಬೀಳುತ್ತೆ, ಆಗ ಬೀಳುತ್ತೆ ಅನ್ನುವ ಹಾಗಿತ್ತು. ಜನ ನಕ್ಕರು. 1893ರಲ್ಲಿ ಥಾಮಸ್ ಬ್ರಾಕ್ ಸೆರಗು ಹೊದ್ದ ಮುದಿ ರಾಣಿಯನ್ನು ಮಾಡಿಕೊಟ್ಟ. ಈ ಬ್ರಾಕ್ ನಮಗೂ ಪರಿಚಿತನೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಎಂ.ಜಿ. ರಸ್ತೆ ಮತ್ತು ಕಸ್ತೂರಬಾ ರಸ್ತೆ ಸೇರುವ ಕಡೆ ನಿಂತಿರುವ ಅಮೃತಶಿಲೆಯ ವಿಕ್ಟೋರಿಯಾ ಇವನ ಕೆಲಸವೇ. 1906ರಲ್ಲಿ ಅದನ್ನು ಅನಾವರಣ ಮಾಡಿದವನು ಆಕೆಯ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು.

ನಮ್ಮ ಕಡೆಯ ಬೆಳ್ಳಿ ರೂಪಾಯಿಯಲ್ಲಿ ರಾಣಿಗೆ ಮುಪ್ಪು ಬರಲೇ ಇಲ್ಲ. 1862ರಲ್ಲಿ ಬಂದ ಕಿರೀಟದ ಮುಖವೇ ಕೊನೆಯವರೆಗೂ ನಡೆಯಿತು. 1877ರಲ್ಲಿ ಕ್ವೀನ್ ಎಂಬಲ್ಲಿ ಎಂಪ್ರೆಸ್ ಎಂದಾಯಿತು ಅಷ್ಟೆ. ಇದಕ್ಕೆ ಕೊಂಡಿ ಬೆಸೆದು ಕೊರಳಿನ ಸರಕ್ಕೆ ಪೋಣಿಸಿಕೊಂಡವರಿದ್ದರು. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅದನ್ನು ಇಡುವ ಮನೆಗಳು ಈಗಲೂ ಇವೆ. ಮೊಮ್ಮಗ ಜಾರ್ಜ್‌ನ ರೂಪಾಯಿಗೆ ಅಂಥ ಅದೃಷ್ಟ ಇರಲಿಲ್ಲ. 1911ರ ನಾಣ್ಯದಲ್ಲಿ ಅವನ ನಿಲುವಂಗಿಯ ಮೇಲೆ ಒಂದು ಆನೆ ಇತ್ತು. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನ ಅದನ್ನು ಹಂದಿ ಎಂದುಕೊಂಡರು. ಮುಸ್ಲಿಮರಿಗೆ ಬೇಸರವಾಯಿತು, ಗಲಾಟೆಯಾಯಿತು. ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು 1912ರಲ್ಲಿ ಸೊಂಡಿಲು ಸರಿಯಾಗಿ ಕಾಣುವ ಆನೆ ಕೊಟ್ಟಿತು. ನಾಣ್ಯ ಸಂಗ್ರಹಿಸುವವರು ಇವತ್ತಿಗೂ ಹಳೆಯದನ್ನು ಹಂದಿ ರೂಪಾಯಿ ಅಂತಲೇ ಕರೆಯುತ್ತಾರೆ. ರಾಜನ ಮುಖವನ್ನು ಯಾರು ನೋಡಿದರೋ ಗೊತ್ತಿಲ್ಲ, ಎಲ್ಲರ ಕಣ್ಣೂ ಆನೆಯ ಮೇಲೆ.

ಎರಡನೇ ಎಲಿಜಬೆತ್ ಅವರದ್ದೂ ಇದೇ ಕಥೆ. ಅರ್ನಾಲ್ಡ್ ಮೇಚಿನ್ ಮಾಡಿದ ಅಚ್ಚಿನ ಅಂಚೆಚೀಟಿ 1967ರಲ್ಲಿ ಬಂತು. ರಾಣಿಗೆ ಆಗ 41. 2022ರಲ್ಲಿ 96ನೇ ವಯಸ್ಸಿಗೆ ಅವರು ತೀರಿಕೊಂಡಾಗಲೂ ಚೀಟಿಯ ಮೇಲೆ ಅದೇ ಮುಖ. ನಾಣ್ಯದಲ್ಲಿ ಮಾತ್ರ ಒಟ್ಟು ಐದು ಮುಖಗಳು ಬಂದು, ಸಲಸಲಕ್ಕೂ ವಯಸ್ಸಾಗುತ್ತಾ ಹೋಯಿತು. ಲೂಸಿಯನ್ ಫ್ರಾಯ್ಡ್ 2001ರಲ್ಲಿ ಬರೆದು ಮುಗಿಸಿದ ಅವರ ಚಿತ್ರ ಇನ್ನೂ ನಿಷ್ಠುರ. 24 ಸೆಂಟಿಮೀಟರ್ ಕೂಡ ಎತ್ತರವಿಲ್ಲ. ಬಿಗಿದ ತುಟಿ, ದಪ್ಪ ಬಣ್ಣದಲ್ಲಿ ಜೋತುಬಿದ್ದ ಕೆನ್ನೆ. ಕಿರೀಟ ಸೇರಿಸಲು ಜಾಗ ಸಾಲದೆ ಕ್ಯಾನ್ವಾಸನ್ನು ಮೇಲಕ್ಕೆ ಹೆಚ್ಚಿಸಬೇಕಾಯಿತು. ಪತ್ರಿಕೆಗಳು ಬೈದವು. ನನಗಂತೂ ಅದು ಇಷ್ಟ. ಹೋಲ್ಬೈನ್‌ನ ಕಾಗದದ ಎದುರು ಇಟ್ಟು ನೋಡಬೇಕಾದ ಚಿತ್ರ.

ಈಗ ಮೂರನೇ ಚಾರ್ಲ್ಸ್ ಅವರ ಕಾಲ. 2023ರ ಏಪ್ರಿಲ್‌ನಲ್ಲಿ ಬಂದ ಚೀಟಿಯಲ್ಲಿ ಅವರ ತಲೆಯ ಮೇಲೆ ಕಿರೀಟವಿಲ್ಲ. ಮಾರ್ಟಿನ್ ಜೆನ್ನಿಂಗ್ಸ್ ನಾಣ್ಯಕ್ಕೆಂದು ಮಾಡಿದ ಮುಖವನ್ನೇ ಸ್ವಲ್ಪ ಹೊಂದಿಸಿ ಬಳಸಿದ್ದಾರೆ. ವಿಕ್ಟೋರಿಯಾ 15ರ ಮುಖದಿಂದ ಶುರು ಮಾಡಿದರೆ ಇವರು 74ರ ಮುಖದಿಂದ ಶುರು ಮಾಡಿದ್ದಾರೆ. ಪಕ್ಕದಲ್ಲೇ ಒಂದು ಬಾರ್‌ಕೋಡ್ ಇದೆ. ದೇಶದ ಹೆಸರು ಮಾತ್ರ 1840ರಿಂದ ಇವತ್ತಿನವರೆಗೂ ಬ್ರಿಟನ್ನಿನ ಚೀಟಿಯ ಮೇಲೆ ಇಲ್ಲ. ರಾಜರ ಮುಖ ಇದೆಯಲ್ಲ, ಅಷ್ಟು ಸಾಕು ಅನ್ನುವುದು ಅವರ ಲೆಕ್ಕ.

ನಮಸ್ಕಾರ.