ಕೆಲಸ ಒಂದು, ಸಂಸ್ಥೆ ಹಲವು

ಕೇಳುಗರಿಗೆ ನಮಸ್ಕಾರ.

ಹಲವು ದೇಶಗಳ ಹಣ, ಹಲವು ಸಂಸ್ಥೆಗಳ ಜನ ಸೇರಿ ನಡೆಸುವ ಅಭಿವೃದ್ಧಿ ಯೋಜನೆಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಇಂಥ ಯೋಜನೆ ಕೆಟ್ಟಾಗ ಹಣ ಸಾಲಲಿಲ್ಲ ಅಂತೀವಿ, ಇಲ್ಲವೇ ಯಾರೋ ತಿಂದು ಹಾಕಿದರು ಅಂತೀವಿ. ಹಾಗೂ ಆಗುವುದುಂಟು. ಆದರೆ ಹಣವಿದ್ದು, ಪ್ರಾಮಾಣಿಕ ಜನರಿದ್ದು, ಆಮೇಲೂ ಕೆಲಸ ಕೈಗೆ ಹತ್ತದೆ ಹೋಗುವುದೂ ಉಂಟು. ಯಾವ ಕೆಲಸಕ್ಕೆ ಯಾರು ಹೊಣೆ ಅನ್ನುವುದು ಮೊದಲೇ ಗಟ್ಟಿಯಾಗದಿದ್ದರೆ ಹೀಗಾಗುತ್ತದೆ. ಆ ಗೊಂದಲ ಮೇಲಿನವರನ್ನು ಅಷ್ಟಾಗಿ ಕಾಡುವುದಿಲ್ಲ. ಅದು ಇಳಿದು ಇಳಿದು ಕಟ್ಟಕಡೆಯ ಸಣ್ಣ ಸಂಸ್ಥೆಯ ಹೆಗಲಿಗೆ ಬೀಳುತ್ತದೆ.

ಒಂದು ಮಕ್ಕಳ ಆರೋಗ್ಯ ಯೋಜನೆ ಅಂದುಕೊಳ್ಳಿ. ದಾನಿ ಸಂಸ್ಥೆಗಳು ಮೂರು. ಒಂದರ ಲೆಕ್ಕದ ವರ್ಷ ಜನವರಿಗೆ ಶುರು, ಇನ್ನೊಂದರದು ಏಪ್ರಿಲ್‌ಗೆ, ಮತ್ತೊಂದರದು ಜುಲೈಗೆ. ಒಬ್ಬರಿಗೆ 5 ವರ್ಷದೊಳಗಿನ ಎಲ್ಲ ಮಕ್ಕಳ ಲೆಕ್ಕ ಬೇಕು. ಇನ್ನೊಬ್ಬರಿಗೆ 6 ತಿಂಗಳಿಂದ 59 ತಿಂಗಳವರೆಗಿನ ಮಕ್ಕಳದ್ದು ಮಾತ್ರ ಸಾಕು. ಮಗು ಅದೇ, ಬಾಯಿಗೆ ಹಾಕಿದ ವಿಟಮಿನ್ ಹನಿಯೂ ಅದೇ. ಆದರೆ ಆರೋಗ್ಯ ಕಾರ್ಯಕರ್ತೆ ಮೂರು ರಿಜಿಸ್ಟರ್ ತುಂಬಬೇಕು. ಆ ಹೊತ್ತನ್ನು ಅವಳು ಎಲ್ಲಿಂದ ತರುತ್ತಾಳೆ? ಮನೆ ಮನೆ ಸುತ್ತುವ ಹೊತ್ತಿನಲ್ಲೇ ಕಳೆಯಬೇಕು. ವರದಿ ಚೆನ್ನಾಗಿ ಬಂದಿದೆ ಅಂತ ಮೇಲಿನವರು ಮೆಚ್ಚುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ದೊಡ್ಡವರಿಗೆ ಇದು ಗೊತ್ತಿಲ್ಲ ಅಂತಲ್ಲ. 2005ರಲ್ಲಿ ಪ್ಯಾರಿಸ್‌ನಲ್ಲಿ ದಾನಿ ದೇಶಗಳೂ ನೆರವು ಪಡೆಯುವ ದೇಶಗಳೂ ಕೂತು ಒಂದು ಘೋಷಣೆಗೆ ಒಪ್ಪಿದವು. ಆಯಾ ದೇಶದ ಆದ್ಯತೆಯೇ ಮುಂದಿರಬೇಕು, ದಾನಿಗಳು ತಮ್ಮ ತಮ್ಮಲ್ಲಿ ಹೊಂದಿಕೊಂಡು ಹೋಗಬೇಕು, ಬೇರೆ ಬೇರೆಯಾಗಿ ತನಿಖೆ ತಂಡ ಕಳಿಸುವ ಬದಲು ಕೂಡಿ ಬರಬೇಕು ಅಂತೆಲ್ಲ ಒಪ್ಪಿಗೆಯಾಯಿತು. 2010ಕ್ಕೆ ಮುಟ್ಟಬೇಕಿದ್ದ 13 ಗುರಿಗಳಲ್ಲಿ ಜಾಗತಿಕ ಮಟ್ಟದಲ್ಲಿ ಪೂರ್ತಿಯಾಗಿ ಮುಟ್ಟಿದ್ದು ಒಂದೇ ಒಂದು. ಸಹಿ ಹಾಕುವುದು ಬೇರೆ, ತನ್ನ ಕಚೇರಿಯ ಫಾರಂ ಬಿಟ್ಟುಕೊಡುವುದು ಬೇರೆ, ಅಲ್ವಾ?

ಹಾಗಾದರೆ ಹತ್ತಾರು ಸಂಸ್ಥೆಗಳು ಕೂಡಿ ಮಾಡಿದ ಕೆಲಸ ಎಲ್ಲೂ ಗೆದ್ದಿಲ್ಲವೇ? ಗೆದ್ದಿದೆ. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಪಶ್ಚಿಮ ಆಫ್ರಿಕಾದ್ದು.

ಅಲ್ಲಿ ನದಿ ಕುರುಡು ಅನ್ನುವ ರೋಗವಿತ್ತು. ರಭಸವಾಗಿ ಹರಿಯುವ ನೀರಿನಲ್ಲಿ ಹುಟ್ಟುವ ಒಂದು ಕಪ್ಪು ನೊಣ ಕಚ್ಚಿದರೆ ಮೈಯೊಳಗೆ ಹುಳು ಸೇರುತ್ತದೆ. ವರ್ಷಗಟ್ಟಲೆ ಕಚ್ಚಿಸಿಕೊಂಡವರ ಕಣ್ಣು ಹೋಗುತ್ತದೆ. ಜನ ಫಲವತ್ತಾದ ನದಿ ಬಯಲನ್ನೇ ಬಿಟ್ಟು ಹೋಗುತ್ತಿದ್ದರು. 1974ರಲ್ಲಿ ಏಳು ದೇಶಗಳಲ್ಲಿ ಇದರ ವಿರುದ್ಧ ಒಂದು ಜಂಟಿ ಕಾರ್ಯಕ್ರಮ ಶುರುವಾಯಿತು. ಆಮೇಲೆ ಅದು 11 ದೇಶಗಳಿಗೆ ಹಬ್ಬಿತು.

ಹೊಣೆ ಹಂಚಿದ ರೀತಿ ನೋಡಿ. ಕೆಲಸ ನಡೆಸುವುದು ವಿಶ್ವ ಆರೋಗ್ಯ ಸಂಸ್ಥೆ. ಹಣ ಕೂಡಿಸಿ ಒಂದೇ ನಿಧಿಯಲ್ಲಿ ಇಡುವುದು ವಿಶ್ವ ಬ್ಯಾಂಕ್. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಆಹಾರ ಕೃಷಿ ಸಂಸ್ಥೆ ಕೂಡ ಜೊತೆಗಿದ್ದವು. ದಾನಿಗಳು, ಆಯಾ ದೇಶಗಳ ಸರ್ಕಾರಗಳು, ಸಂಸ್ಥೆಗಳು ವರ್ಷಕ್ಕೊಮ್ಮೆ ಒಂದೇ ಸಮಿತಿಯಲ್ಲಿ ಕೂರುತ್ತಿದ್ದವು. ನೊಣದ ಮರಿಗಳನ್ನು ಕೊಲ್ಲಲು ನದಿಗೆ ಸುರಿದ ಔಷಧಿಯಿಂದ ಮೀನಿಗೆ, ನೀರಿನ ಇತರ ಜೀವಿಗಳಿಗೆ ತೊಂದರೆಯಾಗುತ್ತಿದೆಯೇ ಅಂತ ನೋಡಲು ಪ್ರತ್ಯೇಕ ತಜ್ಞರ ಗುಂಪಿತ್ತು. ಔಷಧಿ ಹೊಡೆಯುವವರೇ ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳುವ ಹಾಗಿರಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಕಾಲದ್ದು. ದೊಡ್ಡ ಹುಳು ಮನುಷ್ಯನ ಮೈಯಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಮೂರು ವರ್ಷದ ಯೋಜನೆ ಮಾಡಿ ಕೈತೊಳೆದುಕೊಂಡರೆ ಸುಮ್ನೆ ದಂಡ. ಹಾಗಾಗಿ ಮೊದಲಿಂದಲೇ ಇಪ್ಪತ್ತು ವರ್ಷದ ಲೆಕ್ಕ ಹಾಕಿದರು. ದಾನಿಗಳು ಹಣಕ್ಕೆ ಮಾತು ಕೊಟ್ಟಿದ್ದು ಆರಾರು ವರ್ಷದ ಹಂತಗಳಿಗೆ. ದಾನಿಗಳ ಕ್ಯಾಲೆಂಡರ್‌ಗೆ ರೋಗವನ್ನು ಹೊಂದಿಸಲು ಹೋಗಲಿಲ್ಲ. ರೋಗದ ಆಯುಷ್ಯ ನೋಡಿ ಯೋಜನೆ ಕಟ್ಟಿದರು. ನನ್ನ ಮಟ್ಟಿಗೆ ಈ ಕಾರ್ಯಕ್ರಮದ ಬೆನ್ನೆಲುಬೇ ಇದು.

ದಾರಿಯಲ್ಲಿ ತೊಡಕು ಬರಲಿಲ್ಲವೇ? ಬಂತು. ವಾರಕ್ಕೊಮ್ಮೆ ಹೆಲಿಕಾಪ್ಟರ್‌ನಿಂದ ಔಷಧಿ ಹೊಡೆದು ನೊಣದ ಮರಿಹುಳು ಕೊಂದರೂ, ಗಾಳಿಯ ಜೊತೆ ನೂರಾರು ಕಿಲೋಮೀಟರ್ ದೂರದಿಂದ ಹೊಸ ನೊಣಗಳು ಬಂದು ಇಳಿದವು. ಕಾರ್ಯಕ್ರಮದ ಗಡಿಯನ್ನೇ ಹಿಗ್ಗಿಸಬೇಕಾಯಿತು. 1980ರ ಹೊತ್ತಿಗೆ ಕೆಲವು ನದಿಗಳ ನೊಣಗಳಿಗೆ ಟೆಮೆಫೋಸ್ ಅನ್ನುವ ಔಷಧಿ ನಾಟದೆ ಹೋಯಿತು. ಔಷಧಿಗಳನ್ನು ಸರದಿಯಂತೆ ಬದಲಿಸುತ್ತಾ ಹೋದರು. ಹಣವೆಲ್ಲ ಒಂದೇ ನಿಧಿಯಲ್ಲಿ ಇದ್ದಿದ್ದಕ್ಕೆ ಇದು ಸಾಧ್ಯವಾಯಿತು. ಇಂತಿಷ್ಟು ಹಣ ಇಂಥ ಔಷಧಿಗೇ ಅಂತ ಒಬ್ಬೊಬ್ಬ ದಾನಿಯೂ ಗಂಟು ಹಾಕಿದ್ದರೆ, ಆ ಗಂಟು ಬಿಚ್ಚುವಷ್ಟರಲ್ಲಿ ನದಿ ತುಂಬಾ ನೊಣ ಎದ್ದಿರುತ್ತಿತ್ತು.

1987ರಲ್ಲಿ ಮರ್ಕ್ ಅನ್ನುವ ಔಷಧ ಕಂಪನಿ ಈ ರೋಗಕ್ಕೆ ಕೊಡುವ ಐವರ್‌ಮೆಕ್ಟಿನ್ ಮಾತ್ರೆಯನ್ನು ಬೇಕಾದಷ್ಟು, ಬೇಕಾದಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಹೇಳಿತು. 1995ರಲ್ಲಿ ಆಫ್ರಿಕಾದ ಉಳಿದ ದೇಶಗಳಿಗೆ ಇನ್ನೊಂದು ಕಾರ್ಯಕ್ರಮ ಶುರುವಾದಾಗ, ಮಾತ್ರೆ ಹಂಚುವವರು ಯಾರು, ಯಾವ ತಿಂಗಳು ಹಂಚಬೇಕು ಅನ್ನುವುದನ್ನು ಊರಿನವರಿಗೇ ಬಿಟ್ಟರು. ತೂಕದ ಯಂತ್ರವೂ ಬೇಕಾಗಲಿಲ್ಲ. ಗುರುತು ಹಾಕಿದ ಒಂದು ಕೋಲು ಸಾಕು. ಅದರ ಪಕ್ಕ ನಿಲ್ಲಿಸಿ ಎತ್ತರ ನೋಡಿ ಎಷ್ಟು ಮಾತ್ರೆ ಅಂತ ತೀರ್ಮಾನ. ಕಡೆಯ ಪಾಲುದಾರನ ಕೈಗೆ ಸಿಕ್ಕಿದ್ದು ಅವನಿಗೆ ನಿಭಾಯಿಸಲು ಬರುವ ಉಪಕರಣ.

ಯೋಜನೆ ಬರೆಯುವವರಿಗೆ ಲಾಗ್‌ಫ್ರೇಮ್ ಗೊತ್ತಿರುತ್ತದೆ. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ತಯಾರಾದ, ಯೋಜನೆಯ ಗುರಿ, ಕೆಲಸ, ಅಳತೆಗಳನ್ನು ಒಟ್ಟಿಗೆ ತೋರಿಸುವ ಕೋಷ್ಟಕ ಅದು. ಅದರ ಕೊನೆಯ ಕಾಲಂನಲ್ಲಿ ನಮ್ಮ ಕೈಯಲ್ಲಿಲ್ಲದ, ಆದರೆ ಆಗಲೇಬೇಕಾದ ಸಂಗತಿಗಳನ್ನು ಬರೆಯಬೇಕು. ಅವಸರದಲ್ಲಿ ಎಲ್ಲರೂ ತೇಲಿಸಿ ತುಂಬುವ ಕಾಲಂ ಅದೇ. ರೈತರಿಗೆ ತರಬೇತಿ ಕೊಡುವ ಸಂಸ್ಥೆ ‘ಅಷ್ಟರಲ್ಲಿ ಕಾಲುವೆಗೆ ನೀರು ಬಂದಿರುತ್ತದೆ’ ಅಂತ ಅಲ್ಲಿ ಬರೆಯುತ್ತದೆ. ಕಾಲುವೆ ತೋಡುವುದು ಇನ್ನೊಂದು ಪಾಲುದಾರ ಸಂಸ್ಥೆ. ಅದರ ಕೋಷ್ಟಕದಲ್ಲಿ ನೀರು ಬಿಡುವ ತಾರೀಕು ಒಂದು ವರ್ಷ ಆಚೆಗಿರುತ್ತದೆ. ಎರಡೂ ಕಾಗದವನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಪಾಲುದಾರರ ಮೊದಲ ಸಭೆಯಲ್ಲಿ ಭಾಷಣ ಕಡಿಮೆ ಮಾಡಿ ಇದೊಂದನ್ನು ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ಕಂತಿನ ಹಣ ಬಿಡುಗಡೆ ತಡವಾದರೆ ದೊಡ್ಡ ಸಂಸ್ಥೆ ತಡೆದುಕೊಳ್ಳುತ್ತದೆ, ಸಣ್ಣದು ಸಂಬಳ ನಿಲ್ಲಿಸುತ್ತದೆ. ಮುಂಗಡ ಎಷ್ಟು, ಯಾವಾಗ ಅನ್ನುವುದು ಒಪ್ಪಂದದಲ್ಲೇ ಇರಬೇಕು.

ಕೊನೆಗೆ ಯೋಜನೆ ಮುಗಿಸುವ ಮಾತು. ಪಶ್ಚಿಮ ಆಫ್ರಿಕಾದ ಆ ಕಾರ್ಯಕ್ರಮ 2002ರಲ್ಲಿ ಮುಗಿದು, ಕೆಲಸ ಆಯಾ ದೇಶಗಳ ಆರೋಗ್ಯ ಇಲಾಖೆಗಳಿಗೆ ಹೋಯಿತು. ಸಿಯೆರಾ ಲಿಯೋನ್‌ನಲ್ಲಿ ಮಾತ್ರ ಅಂತರ್ಯುದ್ಧದಿಂದ ಕೆಲಸ ಅರ್ಧಕ್ಕೇ ನಿಂತಿತ್ತು. ಅವಧಿ ಮುಗಿಯಿತು ಅಂತ ಆ ಜನರನ್ನು ಕೈಬಿಡಲಿಲ್ಲ. ಅಲ್ಲಿ ಮತ್ತು ರೋಗ ಉಳಿದಿದ್ದ ಇನ್ನೂ ಕೆಲವು ಪ್ರದೇಶಗಳಲ್ಲಿ 2007ರವರೆಗೂ ವಿಶೇಷವಾಗಿ ಕೆಲಸ ಮುಂದುವರಿಸಿದರು.

ನಮಸ್ಕಾರ.