ಬಸ್ಸೋ, ರೈಲೋ, ಟಂಟಂನೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೀದರಿನಿಂದ ಕಲಬುರಗಿಗೆ ಬರಬೇಕು ಅಂದುಕೊಳ್ಳಿ. ಹುಮನಾಬಾದ್, ಕಮಲಾಪುರದ ಮೇಲೆ ಬಸ್ ಇದೆ. 2017ರ ಅಕ್ಟೋಬರಿನಲ್ಲಿ ರೈಲು ಮಾರ್ಗವೂ ಶುರುವಾಯಿತು. ಮನೆಯಲ್ಲಿ ಬೈಕ್ ಇರಬಹುದು. ನಾಲ್ಕು ಜನ ಸೇರಿದರೆ ಕಾರು ಮಾಡಿಕೊಂಡು ಬರಬಹುದು. ಇದರಲ್ಲಿ ನೀವು ಯಾವುದನ್ನು ಹಿಡಿಯುತ್ತೀರಿ, ಯಾಕೆ ಹಿಡಿಯುತ್ತೀರಿ? ಇದನ್ನು ಅಳೆಯುವ ಲೆಕ್ಕವೊಂದಿದೆ. ಹೊಸ ರೈಲು ಬಿಟ್ಟರೆ ಎಷ್ಟು ಜನ ಹತ್ತುತ್ತಾರೆ, ಟಿಕೆಟ್ ಏರಿಸಿದರೆ ಎಷ್ಟು ಜನ ಇಳಿಯುತ್ತಾರೆ ಅಂತ ಅಂದಾಜು ಮಾಡುವುದು ಈ ಲೆಕ್ಕದಿಂದಲೇ.

ಅದರ ಬುಡ ಸರಳ. ಪ್ರತಿ ವಾಹನಕ್ಕೂ ಒಂದು ಅಂಕ. ದುಡ್ಡು ಜಾಸ್ತಿಯಾದರೆ ಅಂಕ ಇಳಿಯುತ್ತದೆ, ಹೊತ್ತು ಜಾಸ್ತಿಯಾದರೂ ಇಳಿಯುತ್ತದೆ. ಕೂರಲು ಜಾಗ ಸಿಕ್ಕರೆ ಏರುತ್ತದೆ. ಯಾವುದಕ್ಕೆ ಎಷ್ಟು ತೂಕ ಅಂತ ಲೆಕ್ಕ ಮಾಡುವವರು ಸುಮ್ನೆ ಊಹಿಸುವುದಿಲ್ಲ. ಜನ ನಿಜವಾಗಿ ಹೇಗೆ ಓಡಾಡಿದರು ಅಂತ ಕೇಳಿ ಬರೆದುಕೊಂಡು, ಅದರಿಂದ ಹೊರತೆಗೆಯುತ್ತಾರೆ. ಎರಡು ವಾಹನಗಳ ಅಂಕ ಸಮ ಇದ್ದರೆ ಜನ ಅರ್ಧ ಅರ್ಧ ಹಂಚಿಹೋಗುತ್ತಾರೆ. ಅಂಕ 1ರಷ್ಟು ಹೆಚ್ಚಿದ್ದರೆ ನೂರಕ್ಕೆ 73 ಮಂದಿ ಆ ಕಡೆ. 2ರಷ್ಟು ಹೆಚ್ಚಿದ್ದರೆ 88 ಮಂದಿ. ಮೊದಲ ಅಂಕಕ್ಕೆ 23 ಮಂದಿ ಸರಿದರು, ಎರಡನೆಯದಕ್ಕೆ 15 ಮಂದಿ ಮಾತ್ರ. ಅಂದರೆ ಸಣ್ಣ ಸುಧಾರಣೆ ಹೆಚ್ಚು ಕೆಲಸ ಮಾಡುವುದು ಅದೋ ಇದೋ ಅಂತ ತೂಗುತ್ತಾ ನಿಂತವರ ಮೇಲೆ. ಬೈಕನ್ನೇ ನೆಚ್ಚಿಕೊಂಡವರು ಅಷ್ಟಕ್ಕೆ ಅಲುಗಾಡುವುದಿಲ್ಲ.

ಈ ದಾರಿಯನ್ನು ಗಟ್ಟಿಮಾಡಿದವರು ಅಮೆರಿಕದ ಡೇನಿಯಲ್ ಮ್ಯಾಕ್‌ಫ್ಯಾಡನ್. ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ 1972ರಲ್ಲಿ ಬಾರ್ಟ್ ರೈಲು ಓಡತೊಡಗಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಮಂದಿ ಅದನ್ನು ಹತ್ತುತ್ತಾರೆ ಎಂದು ಅಧಿಕೃತ ಅಂದಾಜು ಹೇಳಿತ್ತು. ಮ್ಯಾಕ್‌ಫ್ಯಾಡನ್ ತಂಡದ ಲೆಕ್ಕ 6.3 ಎಂದಿತು. ಹತ್ತಿದವರು 6.2. ಅವರಿಗೆ 2000ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಲೆಕ್ಕಗಳು ಊರೂರಲ್ಲಿ ಮತ್ತೆ ಮತ್ತೆ ತೋರಿಸಿದ ಒಂದು ವಿಷಯ ನನಗೆ ಬಹಳ ಮುಖ್ಯ. ಬಸ್ಸಿನೊಳಗೆ ಕೂತ ಒಂದು ನಿಮಿಷಕ್ಕಿಂತ, ಬಸ್ಸಿಗಾಗಿ ಕಾದ ಒಂದು ನಿಮಿಷ ಜನರಿಗೆ ಸುಮಾರು ಎರಡು ಪಟ್ಟು ಭಾರ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ, ನೆರಳಿಲ್ಲದ ಕ್ರಾಸಿನಲ್ಲಿ ಅದು ಇನ್ನೂ ಹೆಚ್ಚಿರಬೇಕು ಅಂತ ನನ್ನ ನಂಬಿಕೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಆದರೂ ಒಬ್ಬ ತಾಯಿ 20 ರೂಪಾಯಿ ಕೊಟ್ಟು ಟಂಟಂ ಹತ್ತುತ್ತಾಳೆ ಅಂತಿಟ್ಟುಕೊಳ್ಳಿ. ಬಸ್ಸಿಗೆ ಇನ್ನೂ 40 ನಿಮಿಷ ಕಾಯಬೇಕಿತ್ತು. ಬೇರೆಲ್ಲ ಸಮ ಅಂದುಕೊಂಡರೆ, ಅವಳ ಒಂದು ನಿಮಿಷದ ಕಾಯುವಿಕೆಗೆ ಕನಿಷ್ಠ 50 ಪೈಸೆ ಬೆಲೆ. ಟಂಟಂನಲ್ಲಿ ಇಕ್ಕಟ್ಟಾಗಿ ಕೂರುವ ಕಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಕೂಲಿ ದುಡಿಯುವವಳು ಪುಕ್ಕಟೆ ಬಸ್ ಬಿಟ್ಟು ದುಡ್ಡು ಕೊಟ್ಟಳು ಅಂದರೆ, ಅವಳ ಹೊತ್ತಿಗೆ ಬೆಲೆಯಿಲ್ಲ ಅಂತ ಯಾರು ಹೇಳಲು ಸಾಧ್ಯ? ದರ ಸೊನ್ನೆಯಾದ ಮೇಲೆ ಉಳಿಯುವ ಪ್ರಶ್ನೆ ಬಸ್ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅನ್ನುವುದೇ.

ಲೆಕ್ಕ ಎಡವುವ ಜಾಗಗಳೂ ಇವೆ. ಒಂದು ದಾರಿಯಲ್ಲಿ ಅರ್ಧ ಜನ ಕಾರು, ಅರ್ಧ ಜನ ಕೆಂಪು ಬಸ್ ಹಿಡಿಯುತ್ತಾರೆ. ಅದೇ ದಾರಿಗೆ ನೀಲಿ ಬಸ್ ಬಂತು. ಬಣ್ಣ ಬಿಟ್ಟು ಉಳಿದದ್ದೆಲ್ಲ ಒಂದೇ. ಮೂರಕ್ಕೂ ಮೂರನೇ ಒಂದು ಪಾಲು ಅನ್ನುತ್ತದೆ ಸರಳ ಸೂತ್ರ. ಬಣ್ಣ ನೋಡಿ ಯಾರು ಕಾರು ಬಿಡುತ್ತಾರೆ? ಅದಕ್ಕೇ ಈಗ ಒಂದೇ ಥರದ ವಾಹನಗಳನ್ನು ಮೊದಲು ಒಂದು ಗುಂಪು ಮಾಡಿ, ಆಮೇಲೆ ಲೆಕ್ಕ ಹಾಕುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಬಸ್ ನಿಲ್ದಾಣದಲ್ಲಿ ನಿಂತು ಸಮೀಕ್ಷೆ ಮಾಡಿದರೆ ಅಲ್ಲಿಗೆ ಬಂದವರಷ್ಟೇ ಸಿಗುತ್ತಾರೆ. ಸಂಜೆಯ ಬಸ್ ಇಲ್ಲದೆ ಕಾಲೇಜು ಬಿಟ್ಟ ಹುಡುಗಿ ಆ ಹಾಳೆಯಲ್ಲಿ ಇರುವುದಿಲ್ಲ. ಒಂದೇ ಟಂಟಂ ಇರುವ ಹಳ್ಳಿಯವರು ಅದನ್ನು ಹತ್ತಿದರೆ, ಅದನ್ನೇ ಮೆಚ್ಚಿ ಆರಿಸಿದರು ಅಂತ ಬರೆದುಕೊಳ್ಳುವುದು ಅನ್ಯಾಯ ಅಲ್ವಾ? ಹಾಗಾಗಿ ಮನೆಮನೆಗೆ ಹೋಗಬೇಕು. ನಿಮ್ಮೂರಿಗೆ ಏನೇನು ಬರುತ್ತದೆ ಅಂತ ಮೊದಲು ಕೇಳಬೇಕು. "ಆರು ಗಂಟೆಗೆ ಇನ್ನೊಂದು ಬಸ್ ಬಿಟ್ಟರೆ ಹತ್ತುತ್ತೀರಾ?" ಅಂತಲೂ ಕೇಳುತ್ತಾರೆ. ಹೌದು ಅನ್ನುವುದು ಸುಲಭ. ಅದಕ್ಕೆ ಆ ಉತ್ತರವನ್ನು ನಿಜವಾದ ಓಡಾಟದ ಜೊತೆ ತಾಳೆ ನೋಡಬೇಕು.

ಯಾದಗಿರಿ ಕಡೆಯಾಗಲಿ, ಆಳಂದ ಕಡೆಯಾಗಲಿ, ಇಂಥ ಸಮೀಕ್ಷೆಯವರು ನಿಮ್ಮ ಬಾಗಿಲಿಗೆ ಬಂದರೆ, ಹೋಗಿ ಬಂದ ಊರುಗಳನ್ನಷ್ಟೇ ಹೇಳಿ ಕಳಿಸಬೇಡಿ. ದವಾಖಾನೆಗೆ ಹೋಗಬೇಕಿತ್ತು, ಬಸ್ ಇಲ್ಲದೆ ಹೋಗಲಿಲ್ಲ ಅನ್ನುವುದನ್ನೂ ಬರೆಸಿ. ನಮಸ್ಕಾರ.