ಚಾರ್ಜ್ ಮುಗಿದಾಗಲೇ ಜಾಗ್ರತೆ ಬೇಕು

ಬ್ಯಾಟರಿ ರೂಮಿನ ಗೋಡೆ ಮೇಲೆ 'ಆಸಿಡ್ ಇದೆ, ಎಚ್ಚರಿಕೆ' ಅಂತ ಬೋರ್ಡು ಇರುತ್ತೆ. ಇರಲೇಬೇಕು. ಆದರೆ ನನ್ನನ್ನ ಕೇಳಿದರೆ, ಅದಕ್ಕಿಂತ ದೊಡ್ಡ ಬೋರ್ಡು ಚಾರ್ಜರ್ ಪಕ್ಕದಲ್ಲಿ ಬೇಕು. ಚಾರ್ಜ್ ಆಯ್ತು ಅಂತ ಎಲ್ಲರೂ ನಿರಾಳ ಆಗ್ತಾರಲ್ಲ, ಫೋರ್ಕ್‌ಲಿಫ್ಟ್ (ಗೋದಾಮಿನಲ್ಲಿ ಸರಕು ಎತ್ತೋ ಗಾಡಿ) ಓಡಿಸೋ, ನೀರು ತುಂಬೋ ಬ್ಯಾಟರಿಯ ಹತ್ತಿರ ಹೆಚ್ಚು ಎಚ್ಚರವಾಗಿರಬೇಕಾದ್ದು ಆ ಹೊತ್ತಲ್ಲೇ.

ಕಾರಣ ನೋಡಿ. ಚಾರ್ಜ್ ಕೊನೆಗೆ ಬರ್ತಾ ಒಂದೊಂದು ಸೆಲ್ಲೂ (ಬ್ಯಾಟರಿಯೊಳಗಿನ ಒಂದೊಂದು ಖಾನೆ) ಸುಮಾರು 2.4 ವೋಲ್ಟ್ ಮುಟ್ಟುತ್ತೆ. ಅಲ್ಲಿಂದಾಚೆ ಕರೆಂಟು ಒಳಗಿನ ಸೀಸದ ಪ್ಲೇಟಿಗೆ ಸೇರೋ ಬದಲು ಹೆಚ್ಚುಹೆಚ್ಚಾಗಿ ನೀರನ್ನೇ ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡುತ್ತೆ. ಲೆಕ್ಕ ಹಾಕೋಣ. 48 ವೋಲ್ಟಿನ ಬ್ಯಾಟರಿ, ಹೆಸರಿಗೆ ಸೆಲ್ಲಿಗೆ 2 ವೋಲ್ಟಿನಂತೆ 24 ಸೆಲ್. ಕೊನೆ ಹಂತದಲ್ಲಿ 25 ಆಂಪಿಯರ್ ಹರೀತಿದೆ ಅಂತಿಟ್ಟುಕೊಳ್ಳಿ. ಗಂಟೆಗೆ ಸುಮಾರು 250 ಲೀಟರ್ ಹೈಡ್ರೋಜನ್! ಗಾಳಿ ಆಡದ 25 ಘನ ಮೀಟರ್ ಕೋಣೆಯಲ್ಲಿ ಒಂದೇ ಗಂಟೆಗೆ ಅದು ಶೇಕಡಾ 1. ಶೇಕಡಾ 4 ಆದರೆ ಒಂದು ಕಿಡಿಗೇ ಹತ್ತಿಕೊಳ್ಳುತ್ತೆ. ಅದೂ ಸಮನಾಗಿ ಹರಡೋದಿಲ್ಲ, ಹಗುರ ಅನಿಲ, ಸೂರಿನಡಿ ಹೋಗಿ ಕೂರುತ್ತೆ. ಹಾಗಾಗಿ ಎಕ್ಸಾಸ್ಟ್ ಫ್ಯಾನ್ ಸೂರಿಗೆ ಹತ್ತಿರ ಇರಲಿ, ಹೊಸ ಗಾಳಿ ಕೆಳಗಿಂದ ಬರಲಿ. ಚಾರ್ಜರ್‌ಗಿಂತ ಮೊದಲು ಫ್ಯಾನ್ ಹಾಕಿ, ಚಾರ್ಜ್ ನಿಂತ ಮೇಲೂ ಒಂದು ಗಂಟೆ ಓಡಲಿ. ಯಾಕಂದ್ರೆ ಗುಳ್ಳೆಗಳು ಇನ್ನೂ ಏಳ್ತಾನೇ ಇರ್ತವೆ, ಸೆಲ್ ಒಳಗಿನ ಖಾಲಿ ಜಾಗದ ತುಂಬ ಅನಿಲವೇ ಇರುತ್ತೆ.

ಇಂಥ ಹೊತ್ತಲ್ಲಿ, ಚಾರ್ಜರ್ ಇನ್ನೂ ಓಡ್ತಿರುವಾಗಲೇ ಕೆಲವರು ಕನೆಕ್ಟರ್ (ಚಾರ್ಜರನ್ನ ಬ್ಯಾಟರಿಗೆ ಜೋಡಿಸೋ ಪ್ಲಗ್ಗು) ಎಳೆದುಬಿಡ್ತಾರೆ. ಆಗ ಕಿಡಿ ಹಾರುತ್ತೆ. ಚಾರ್ಜರ್ ಕೊಡೋ ಡಿಸಿ (ಒಂದೇ ದಿಕ್ಕಿಗೆ ಹರಿಯೋ) ಕರೆಂಟಿನ ಕಿಡಿ, ಮನೆಗೆ ಬರೋ ಎಸಿಯಷ್ಟು ಸುಲಭವಾಗಿ ಆರೋದಿಲ್ಲ. ಕನೆಕ್ಟರ್ ಬಿಚ್ಚಿ ಒಳಗೆ ನೋಡಿ: ತಾಮ್ರದ ಅಂಚಿನಲ್ಲಿ ಕರಿ ಚುಕ್ಕೆ, ಸಣ್ಣ ಗುಳಿ ಕಂಡರೆ ಯಾರೋ ಹಾಗೆ ಎಳೀತಿದ್ದಾರೆ ಅಂತರ್ಥ. ಆ ಗುಳಿಯಿಂದ ಜೋಡಣೆ ಸಡಿಲವಾಗಿ ಬಿಸಿ ಆಗುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಮೊದಲು ಸ್ಟಾಪ್ ಒತ್ತಿ. ಆಂಪಿಯರ್ ಸೊನ್ನೆಗೆ ಬಂತಾ ನೋಡಿ. ಆಮೇಲೆ ಕನೆಕ್ಟರಿನ ಮೈಯನ್ನೇ ಹಿಡಿದು ನೇರ ಎಳೀರಿ, ಕೇಬಲ್ ಹಿಡಿದು ಅಲ್ಲ.

ಡಿಸ್ಟಿಲ್ಡ್ ವಾಟರ್ ಹಾಕೋದೂ ಚಾರ್ಜ್ ಆದ ಮೇಲೇ. ಮೊದಲೇ ಗುರುತಿನವರೆಗೆ ತುಂಬಿದರೆ ಬಿಸಿಗೆ, ಗುಳ್ಳೆಗೆ ಮಟ್ಟ ಏರಿ ಆಸಿಡ್ ಹೊರಗೆ ಚೆಲ್ಲುತ್ತೆ. ಪ್ಲೇಟು ಒಣಗಿ ಕಂಡರೆ ಮಾತ್ರ, ಅದು ಮುಳುಗೋವಷ್ಟು ಚಾರ್ಜಿಗೆ ಮುಂಚೆ ಹಾಕಿ, ಸಾಕು. ಮಟ್ಟ ಇಳಿದಿದೆ ಅಂತ ಆಸಿಡ್ ಮಾತ್ರ ಹಾಕಬೇಡಿ, ಆವಿಯಾಗಿ, ಅನಿಲವಾಗಿ ಹೋಗಿರೋದು ನೀರು. ಒಳಗೆ ನೋಡೋಕೆ ಟಾರ್ಚ್ ಹಿಡೀರಿ, ಬೆಂಕಿ ಕಡ್ಡಿ ಬೇಡವೇ ಬೇಡ. ಸೆಲ್ಲಿನ ಕ್ಯಾಪ್ ತೆಗೆಯೋ ಮುಂಚೆಯೇ ಕನ್ನಡಕ, ಕೈಗವಸು ಹಾಕಿ.

ಉಂಗುರ, ವಾಚು ಬಿಚ್ಚಿಡಿ. ಸ್ಪಾನರನ್ನ ಬ್ಯಾಟರಿ ಮೇಲೆ ಇಡೋ ಅಭ್ಯಾಸ ಬಿಡಿ. ಎರಡು ಟರ್ಮಿನಲ್‌ಗೆ ಅದು ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾದುಬಿಡುತ್ತೆ, ಬ್ಯಾಟರಿಯನ್ನ ಆಫ್ ಮಾಡೋಕೆ ಸ್ವಿಚ್ಚೇ ಇಲ್ಲ.

ನೆಲಕ್ಕೆ ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಸರಿ, ನೊರೆ ನಿಲ್ಲೋತನಕ ಹಾಕ್ತಾ ಹೋಗಿ. ಕಣ್ಣಿಗೆ ಸೋಡಾ ಮುಟ್ಟಿಸಬೇಡಿ. ಕಣ್ಣಿಗೆ ಬರೀ ನೀರು, ರೆಪ್ಪೆ ಅಗಲಿಸಿ ಕನಿಷ್ಠ 15 ನಿಮಿಷ, ಆಮೇಲೆ ಆಸ್ಪತ್ರೆ. ಕಣ್ಣು ತೊಳೆಯೋ ನಲ್ಲಿ ಹತ್ತು ಸೆಕೆಂಡಿನ ನಡಿಗೆಯಲ್ಲಿ ಸಿಗಬೇಕು, ದಾರಿಗೆ ಪ್ಯಾಲೆಟ್ ಅಡ್ಡ ಇರಬಾರದು. ವಾರಕ್ಕೊಮ್ಮೆ ತಿರುಗಿಸಿ ನೋಡಿ, ತುಕ್ಕಿನ ನೀರು ಬಂದರೆ ತಿಳಿಯಾಗೋವರೆಗೂ ಬಿಡಿ.